ಎರಡು ಖಂಡಗಳಲ್ಲಿ ಒಂದು ದಿನ: ಗೆಳೆಯರಿಬ್ಬರ ಇಸ್ತಾಂಬುಲ್ ಪ್ರವಾಸಕ್ಕೆ ಮಾರ್ಗದರ್ಶಿ

ಬಾಸ್ಫರಸ್ ಜಲಸಂಧಿಯ ಎರಡು ದಡಗಳಲ್ಲಿ, ಅಂದರೆ ಯುರೋಪ್ ಮತ್ತು ಏಷ್ಯಾ ಖಂಡಗಳೆರಡರಲ್ಲೂ ಹರಡಿಕೊಂಡಿರುವ ಇಸ್ತಾಂಬುಲ್ ನಗರದಲ್ಲಿ ಒಂದೇ ದಿನವಿರುವ ಗೆಳೆಯರಿಬ್ಬರು ಅಲ್ಲಿನ ಪ್ರಸಿದ್ಧ ಸ್ಮಾರಕಗಳನ್ನೆಲ್ಲ ನೋಡಿ ಮುಗಿಸಲು ಹೊರಟರೆ ದಿನದ ಬಹುಪಾಲು ಟಿಕೆಟಿನ ಸಾಲಿನಲ್ಲಿಯೇ ಕಳೆದುಹೋಗುತ್ತದೆ. ಬೆಳಿಗ್ಗೆ ಹಳೆಯ ನಗರದ ಎರಡು ಮೂರು ಕಟ್ಟಡಗಳನ್ನು ಸಾವಧಾನವಾಗಿ ನೋಡಿ, ಮಧ್ಯಾಹ್ನ ಪೇಟೆಬೀದಿಗಳಲ್ಲಿ ಇಳಿದು ನಡೆದು, ಸಂಜೆ ಹಡಗು ಹತ್ತಿ ಏಷ್ಯಾದ ದಡದಲ್ಲಿ ಊಟಕ್ಕೆ ಕೂರುವ ಕ್ರಮವೇ ಉತ್ತಮವಾದುದು. ನೀರನ್ನು ದಾಟದೆ ಮರಳಿದವರು ಈ ನಗರದ ಅರ್ಧವನ್ನಷ್ಟೇ ಕಂಡಿರುತ್ತಾರೆ.

ಏಪ್ರಿಲ್-ಮೇ ಹಾಗೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳು ನಡೆದಾಡಲು ಹಿತಕರವಾಗಿರುತ್ತವೆ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ವೀಸಾ ಅಗತ್ಯವಿದ್ದು, ಅದರ ನಿಯಮಗಳನ್ನು ಹೊರಡುವ ಮುನ್ನ ಟರ್ಕಿಯ ಅಧಿಕೃತ ತಾಣದಲ್ಲಿ ಪರಿಶೀಲಿಸಿಕೊಳ್ಳಬೇಕು. ಟ್ರಾಮ್, ಮೆಟ್ರೋ, ಹಡಗು ಎಲ್ಲದಕ್ಕೂ ಸಲ್ಲುವ, ಮೊದಲೇ ಹಣ ತುಂಬಿಸಿಕೊಳ್ಳುವ ‘ಇಸ್ತಾಂಬುಲ್‌ಕಾರ್ಟ್’ ಎಂಬ ಕಾರ್ಡನ್ನು ಬಂದೊಡನೆ ಕೊಳ್ಳುವುದು ಒಳಿತು. ಗ್ರ್ಯಾಂಡ್ ಬಜಾರ್ ಭಾನುವಾರ ಮುಚ್ಚಿರುತ್ತದೆ, ಶುಕ್ರವಾರ ಮಧ್ಯಾಹ್ನ ನಮಾಜಿನ ವೇಳೆ ಮಸೀದಿಗಳಿಗೆ ಪ್ರವಾಸಿಗರ ಪ್ರವೇಶವಿರುವುದಿಲ್ಲ. ಆದ್ದರಿಂದ ಈ ಎರಡು ದಿನಗಳನ್ನು ತಪ್ಪಿಸುವುದು ಜಾಣತನ.

ದಿನವನ್ನು ಸುಲ್ತಾನ್‌ಅಹ್ಮೆತ್ ಬಡಾವಣೆಯಲ್ಲಿ, ಬೀದಿಯ ಗಾಡಿಯಲ್ಲಿ ಮಾರುವ ‘ಸಿಮಿತ್’ ಎಂಬ ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿಯಿಂದ ಆರಂಭಿಸಿ, ಬಾಗಿಲು ತೆರೆಯುವ ಹೊತ್ತಿಗೇ ಹಾಗಿಯಾ ಸೋಫಿಯಾ ತಲುಪಬೇಕು. ಚಕ್ರವರ್ತಿ ಜಸ್ಟಿನಿಯನ್ 532ರಿಂದ 537ರ ಅವಧಿಯಲ್ಲಿ ಕಟ್ಟಿಸಿದ ಈ ಇಗರ್ಜಿಯು 1453ರಲ್ಲಿ ಮಸೀದಿಯಾಗಿ, 20ನೆಯ ಶತಮಾನದಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಪುನಃ ಮಸೀದಿಯಾಯಿತು. ಚೌಕಾಕಾರದ ತಳದ ಮೇಲೆ ದುಂಡನೆಯ ಗುಮ್ಮಟವನ್ನು ನಿಲ್ಲಿಸಲು ನಾಲ್ಕು ಮೂಲೆಗಳಲ್ಲಿ ಕಟ್ಟಿರುವ ಬಾಗಿದ ತ್ರಿಕೋನಗಳು, ಅಂದರೆ ವಾಸ್ತುಶಿಲ್ಪದಲ್ಲಿ ‘ಪೆಂಡೆಂಟಿವ್’ ಎನ್ನಿಸಿಕೊಳ್ಳುವ ಭಾಗಗಳು, ಇಲ್ಲಿ ಗಮನವಿಟ್ಟು ನೋಡಬೇಕಾದವು. ಸುಮಾರು 31 ಮೀಟರ್ ಅಗಲದ ಗುಮ್ಮಟದ ಭಾರ ಅವುಗಳ ಮೂಲಕ ಕಂಬಗಳಿಗೆ ಇಳಿಯುವುದರಿಂದಲೇ ಅದರ ಬುಡದ ಸುತ್ತ ನಲವತ್ತು ಕಿಟಕಿಗಳನ್ನು ತೆರೆದು ಬೆಳಕನ್ನು ಒಳಗೆ ಬಿಡುವುದು ಸಾಧ್ಯವಾಯಿತು. ಈಗ ಪ್ರವಾಸಿಗರಿಗೆ ಮೇಲಂತಸ್ತಿನ ಮೊಗಸಾಲೆಗೆ ಮಾತ್ರ ಟಿಕೆಟಿನ ಮೇಲೆ ಪ್ರವೇಶವಿದ್ದರೂ, ಗುಮ್ಮಟವನ್ನೂ ಮೊಸಾಯಿಕ್ ಚಿತ್ರಗಳನ್ನೂ ನೋಡಲು ಅದೇ ತಕ್ಕ ಸ್ಥಳ. ಮಹಿಳೆಯರು ತಲೆಗೆ ಹೊದೆಯುವ ವಸ್ತ್ರವನ್ನು ಜೊತೆಗಿಟ್ಟುಕೊಂಡಿರಬೇಕು.

ಎದುರಿನಲ್ಲೇ ನೆಲದಡಿಯಲ್ಲಿರುವ ಯೆರೆಬತಾನ್ ಜಲಾಗಾರ, 336 ಕಂಬಗಳ ನಡುವೆ ನೀರು ಸಂಗ್ರಹಿಸುತ್ತಿದ್ದ ಅದೇ 6ನೆಯ ಶತಮಾನದ ರಚನೆ, ಒಂದು ಗಂಟೆಯೊಳಗೆ ನೋಡಿ ಮುಗಿಯುತ್ತದೆ. ಟಿಪ್ಪು ಸುಲ್ತಾನನ ರಾಯಭಾರಿಗಳು 1780ರ ದಶಕದಲ್ಲಿ ಈ ನಗರಕ್ಕೆ ಬಂದಾಗ ಒಟ್ಟೊಮನ್ ಆಳ್ವಿಕೆಯ ಕೇಂದ್ರವಾಗಿದ್ದ ಟಾಪ್‌ಕಪಿ ಅರಮನೆಯು ಕನ್ನಡಿಗರನ್ನು ವಿಶೇಷವಾಗಿ ಸೆಳೆಯಬಹುದಾದರೂ, ಅದಕ್ಕೆ ಅರ್ಧ ದಿನವಾದರೂ ಬೇಕಾದ್ದರಿಂದ ಇನ್ನೊಂದು ಭೇಟಿಗೆ ಬಿಡುವುದೇ ಲೇಸು.

ಜಲಾಗಾರದಿಂದ ಗ್ರ್ಯಾಂಡ್ ಬಜಾರಿನ ಮೂಲಕ ಹಾದು ಗುಡ್ಡದ ಮೇಲಿನ ಸುಲೇಮಾನಿಯೆ ಮಸೀದಿಗೆ ನಡೆಯಬೇಕು. ವಾಸ್ತುಶಿಲ್ಪಿ ಸಿನಾನ್ 1550ರ ದಶಕದಲ್ಲಿ ಕಟ್ಟಿದ ಈ ಮಸೀದಿಗೆ ಪ್ರವೇಶಶುಲ್ಕವಿಲ್ಲ, ನೂಕುನುಗ್ಗಲು ಕಡಿಮೆ, ಹಿಂಭಾಗದ ಅಂಗಳದಿಂದ ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಯ ನೋಟ ವಿಶಾಲವಾಗಿ ತೆರೆದುಕೊಳ್ಳುತ್ತದೆ. ಇದರ ಎದುರಿನ ಸಾಲಂಗಡಿಗಳಲ್ಲಿ ಸಿಗುವ ‘ಕುರು ಫಸುಲಿಯೆ’, ಅಂದರೆ ಟೊಮೆಟೊ ರಸದಲ್ಲಿ ಬೇಯಿಸಿದ ಬಿಳಿ ಬೀನ್ಸ್ ಕಾಳಿನ ಗೊಜ್ಜು, ಅನ್ನದೊಡನೆ ಮಧ್ಯಾಹ್ನದ ಊಟಕ್ಕೆ ಸಾಕಾಗುತ್ತದೆ. ಕೆಲವೆಡೆ ಇದಕ್ಕೂ, ಬೇಳೆಯ ಸೂಪಿಗೂ ಮಾಂಸ ಅಥವಾ ಮಾಂಸದ ಸಾರು ಸೇರಿಸುವುದರಿಂದ, ಸಸ್ಯಾಹಾರಿಗಳು ಮಾಂಸವಿಲ್ಲದ್ದು ಎಂಬರ್ಥದ ‘ಎತ್ಸಿಜ್’ ಎಂಬ ಮಾತನ್ನು ಕಲಿತು, ಪ್ರತಿ ಬಾರಿಯೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಸಮೀಪದ ವೆಫಾ ಬಡಾವಣೆಯಲ್ಲಿ 1876ರಿಂದ ನಡೆದುಬಂದಿರುವ ಅಂಗಡಿಯೊಂದರಲ್ಲಿ ‘ಬೋಜಾ’ ಎಂಬ ಪಾನೀಯ ದೊರೆಯುತ್ತದೆ. ಸಿರಿಧಾನ್ಯವನ್ನು ಹುದುಗಿಸಿ ತಯಾರಿಸಿ, ಮೇಲೆ ದಾಲ್ಚಿನ್ನಿ ಪುಡಿಯನ್ನೂ ಹುರಿಗಡಲೆಯನ್ನೂ ಉದುರಿಸಿ ಕೊಡುವ ಈ ಮಂದ ಪಾನೀಯವು ಹುಳಿ ಬಂದ ಅಂಬಲಿಗೆ ಸಿಹಿ ಬೆರೆಸಿದಂತಿರುವುದರಿಂದ ಕನ್ನಡಿಗರ ನಾಲಿಗೆಗೆ ತೀರ ಹೊಸತೆನಿಸದು.

ಗುಡ್ಡದಿಂದ ಸಾಂಬಾರ ಪದಾರ್ಥಗಳ ಪೇಟೆಯತ್ತ ಇಳಿಯುವ ದಾರಿಯಲ್ಲಿರುವ ತಹ್ತಕಲೆ ಪ್ರದೇಶದಲ್ಲಿ 16ನೆಯ ಶತಮಾನದ ನಡುಭಾಗದಲ್ಲಿ ನಗರದ ಮೊದಲ ಕಾಫಿಮನೆಗಳು ತೆರೆದವು. ಅವುಗಳಿಗೆ ಬೇಕಾದ ಕಾಫಿ ಬರುತ್ತಿದ್ದುದು ಯೆಮನ್‌ನಿಂದ. ಬಾಬಾ ಬುಡನ್ ಏಳು ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದುದೂ ಅದೇ ಯೆಮನ್‌ನ ಮೋಖಾದಿಂದ ಎಂದು ಐತಿಹ್ಯವಿರುವುದರಿಂದ, ಇಲ್ಲಿ ಒಂದು ಕಾಫಿ ಕುಡಿದೇ ಮುಂದೆ ಸಾಗಬೇಕು. ನುಣ್ಣನೆಯ ಪುಡಿಯನ್ನು ‘ಜೆಜ್ವೆ’ ಎಂಬ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನೀರಿನೊಡನೆಯೇ ಕಾಯಿಸಿ ಸೋಸದೆ ಬಗ್ಗಿಸುವುದರಿಂದ, ಸಕ್ಕರೆ ಬೇಡವಾದರೆ ‘ಸಾದೆ’ ಎಂದೂ, ಮಧ್ಯಮವಾಗಿ ಬೇಕಾದರೆ ‘ಓರ್ತಾ’ ಎಂದೂ ಮೊದಲೇ ಹೇಳಬೇಕಾಗುತ್ತದೆ; ತಳದ ಚರಟವನ್ನು ಕುಡಿಯದೆ ಬಿಡಬೇಕು.

ಎಮಿನೊನು ಹಡಗುಕಟ್ಟೆಯಿಂದ ಏಷ್ಯಾ ದಡದ ಕಾದಿಕೊಯ್‌ಗೆ ಹೋಗುವ ಸಾರ್ವಜನಿಕ ಹಡಗನ್ನು ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಹತ್ತಬೇಕು. ಪ್ರವಾಸಿಗರಿಗಾಗಿಯೇ ಓಡಿಸುವ ದುಬಾರಿ ವಿಹಾರದ ದೋಣಿಗಳಿಗಿಂತ, ಕೆಲಸ ಮುಗಿಸಿ ಮನೆಗೆ ಮರಳುವ ಜನರೊಡನೆ ಸಾಗುವ ಈ ಇಪ್ಪತ್ತು ಇಪ್ಪತ್ತೈದು ನಿಮಿಷಗಳ ಪಯಣವೇ ಮೇಲು. ಹಡಗಿನಲ್ಲಿಯೇ ಮಾರುವ, ನಡು ಸಣ್ಣದಾದ ಗಾಜಿನ ಲೋಟದ ಹಾಲಿಲ್ಲದ ಚಹಾ ಹಿಡಿದು ಹಿಂಬದಿಯ ತೆರೆದ ಜಗಲಿಯಲ್ಲಿ ಕುಳಿತರೆ, ಬೆಳಿಗ್ಗೆ ನೋಡಿದ ಗುಮ್ಮಟಗಳೂ ಮಿನಾರುಗಳೂ ಪಡುವಣದ ಬೆಳಕಿನೆದುರು ಒಂದೊಂದಾಗಿ ಗುರುತು ಸಿಗುತ್ತವೆ.

ಕಾದಿಕೊಯ್ ಮಾರುಕಟ್ಟೆಯ ಓಣಿಗಳಲ್ಲಿ ‘ಮೇಹಾನೆ’ಗಳಿವೆ, ಮದ್ಯದೊಡನೆ ಸಣ್ಣ ಸಣ್ಣ ತಟ್ಟೆಗಳಲ್ಲಿ ‘ಮೆಜೆ’ ಎಂಬ ತಿನಿಸುಗಳನ್ನು ಬಡಿಸುವ ಊಟದ ಮನೆಗಳಿವು. ಸುಟ್ಟ ಬದನೆಯ ಕಲಸು, ಬೆಳ್ಳುಳ್ಳಿ ಬೆರೆತ ಗಟ್ಟಿ ಮೊಸರು, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳು ಮೊದಲಾದ ಈ ತಟ್ಟೆಗಳನ್ನು ಹಂಚಿಕೊಂಡು ತಿನ್ನುವುದೇ ವಾಡಿಕೆಯಾದ್ದರಿಂದ ಒಂಟಿಯಾಗಿ ಬಂದವರಿಗಿಂತ ಇಬ್ಬರಿಗೆ ಇದು ಒದಗುತ್ತದೆ. ಮೊದಲು ನಾಲ್ಕು ತಟ್ಟೆ ತರಿಸಿ, ಬೇಕೆನಿಸಿದರೆ ಮೀನನ್ನು ಆಮೇಲೆ ಹೇಳುವುದು ಸರಿ. ಜೊತೆಗೆ ಕುಡಿಯುವ ‘ರಾಕಿ’ಯು ಸೋಂಪಿನ ಪರಿಮಳದ ಬಟ್ಟಿ ಮದ್ಯವಾಗಿದ್ದು, ನೀರು ಬೆರೆಸಿದೊಡನೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಇದು ತೀಕ್ಷ್ಣವಾದ್ದರಿಂದ ನಿಧಾನವಾಗಿ ಕುಡಿಯಬೇಕು. ಮದ್ಯ ಬೇಡದವರಿಗೆ ‘ಐರಾನ್’ ಎಂಬ ಉಪ್ಪು ಮಜ್ಜಿಗೆ ಎಲ್ಲೆಡೆ ಸಿಗುತ್ತದೆಯಾದರೂ, ಮೀನಿನೊಡನೆ ಮೊಸರು ಮಜ್ಜಿಗೆಗಳನ್ನು ಸೇವಿಸಬಾರದೆಂಬ ನಂಬಿಕೆ ಅಲ್ಲಿಯೂ ಕೆಲವರಲ್ಲಿದೆ. ಪ್ರವಾಸಿಗರು ಸೇರುವ ಕಡೆಗಳಲ್ಲಿ ಬೀದಿಯಲ್ಲಿ ಪರಿಚಯ ಮಾಡಿಕೊಂಡು ಬಾರಿಗೆ ಕರೆದೊಯ್ಯುವ ಅಪರಿಚಿತರನ್ನು ವಿನಯದಿಂದಲೇ ನಿರಾಕರಿಸಬೇಕು, ಏಕೆಂದರೆ ಕೊನೆಗೆ ಅತಿಯಾದ ಬಿಲ್ಲನ್ನು ಮುಂದಿಟ್ಟು ಬಲವಂತದಿಂದ ಹಣ ಕೀಳುವುದು ಇಲ್ಲಿನ ಹಳೆಯ ವಂಚನೆ.

ಊಟದ ನಂತರ ಹತ್ತಿರದ ಮೋದಾ ದಡದವರೆಗೆ ನಡೆದು ಬರಲು ಸಮಯವಿರುತ್ತದೆ. ಮರಳುವ ಹಡಗಿನ ಕೊನೆಯ ವೇಳೆಯನ್ನು ಇಳಿದಾಗಲೇ ನೋಡಿಟ್ಟುಕೊಳ್ಳಬೇಕು; ಅದು ತಪ್ಪಿದರೆ, 2013ರಲ್ಲಿ ಆರಂಭವಾದ, ಬಾಸ್ಫರಸ್‌ನ ತಳದಡಿಯ ಸುರಂಗದಲ್ಲಿ ಓಡುವ ಮರ್ಮರೈ ರೈಲನ್ನು ಐರಿಲಿಕ್ ಚೆಶ್ಮೆಸಿ ನಿಲ್ದಾಣದಲ್ಲಿ ಹತ್ತಿ, ಹಳೆಯ ನಗರದ ಸಿರ್ಕೆಜಿಯಲ್ಲಿ ಇಳಿಯಬಹುದು.