ಮೇಜಿನ ಮೇಲೆ ಬರೆಯದ ಬಾಜಿ

ಕ್ರ್ಯಾಪ್ಸ್ ಎಂಬ ದಾಳದ ಜೂಜಿನ ಮೇಜಿಗೆ ಹೊದಿಸಿದ ಬಟ್ಟೆಯ ಮೇಲೆ ಹತ್ತಾರು ಬಾಜಿಗಳ ಹೆಸರು ಅಚ್ಚಾಗಿರುತ್ತದೆ. ಗೆದ್ದರೆ ಎಷ್ಟು ಕೊಡುತ್ತಾರೆಂಬುದು ಕೆಲವುಗಳ ಪಕ್ಕದಲ್ಲೇ ದಪ್ಪಕ್ಷರದಲ್ಲಿರುತ್ತದೆ. ಆದರೆ ಕ್ಯಾಸಿನೊಗೆ ಒಂದು ಪೈಸೆಯೂ ಉಳಿಯದ ಬಾಜಿಯೊಂದಿದೆ. ಅದಕ್ಕೆ ಮಾತ್ರ ಆ ಬಟ್ಟೆಯ ಮೇಲೆ ಮನೆಯೂ ಇಲ್ಲ, ಹೆಸರೂ ಇಲ್ಲ. ಗೊತ್ತಿದ್ದವರು ತಾವಾಗಿಯೇ ಚಿಪ್ಸ್ ಇಡಬೇಕು. ಈ ಆಟ ಕಲಿತದ್ದರಿಂದ ನನ್ನ ಬ್ಯಾಂಕ್ ಖಾತೆಗೆ ಏನೂ ಸೇರಲಿಲ್ಲ. ಹಣ ಹಾಕುವ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳು ಯಾವುವು ಎಂಬುದು ಮಾತ್ರ ಚೆನ್ನಾಗಿ ಮನದಟ್ಟಾಯಿತು.

ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಕಾಲವದು. ವಾರದ ಕೊನೆಗೆ ಇನ್ನೊಂದು ರಜೆ ಅಂಟಿಕೊಂಡು ಬಂದರೆ ಆಫೀಸಿನವರೆಲ್ಲ ಲಾಸ್ ವೇಗಸ್‌ಗೆ ಹೊರಡುವುದು ವಾಡಿಕೆ. ಕ್ಯಾಲಿಫೋರ್ನಿಯಾದಲ್ಲೂ ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳಿವೆ. ಆದರೆ ದಾಳ ಉರುಳಿಸಿ ಸೋಲು ಗೆಲುವು ತೀರ್ಮಾನಿಸುವುದಕ್ಕೆ ಅಲ್ಲಿನ ಕಾನೂನು ಒಪ್ಪುವುದಿಲ್ಲ, ಗರವನ್ನು ಇಸ್ಪೀಟೆಲೆಗಳಿಂದ ನಿರ್ಧರಿಸುತ್ತಾರೆ. ನಿಜವಾದ ದಾಳ ಬೇಕಿದ್ದರೆ 1931ರಲ್ಲೇ ಜೂಜಿಗೆ ಕಾನೂನಿನ ಮುದ್ರೆ ಒತ್ತಿದ ನೆವಾಡಾಕ್ಕೇ ಹೋಗಬೇಕು. ಅಲ್ಲಿ ಕೆಲವು ಕ್ಯಾಸಿನೊಗಳು ಬೆಳಗಿನ ಹೊತ್ತು, ಮೇಜುಗಳು ಖಾಲಿಯಿರುವಾಗ, ಬಂದವರಿಗೆ ಪುಕ್ಕಟೆ ಪಾಠ ಮಾಡುತ್ತವೆ. ನಾನು ಕಲಿತದ್ದು ಅಂಥದ್ದೊಂದು ಪಾಠದಲ್ಲಿ. ಡೀಲರ್ ಬಹಳ ಹುರುಪಿನವರು. ಆಟದ ನಿಯಮಗಳನ್ನೆಲ್ಲ ಹೇಳಿಕೊಟ್ಟರು, ಯಾವ ಬಾಜಿಯ ಬೆಲೆ ಎಷ್ಟು ಎಂಬುದನ್ನು ಹೇಳಲಿಲ್ಲ. ಅದನ್ನು ಕೋಣೆಗೆ ಬಂದು ಪೆನ್ನು ಹಿಡಿದು ನಾನೇ ಹುಡುಕಿಕೊಂಡೆ.

ಮೊದಲು ಮೇಜಿನ ರೀತಿ ರಿವಾಜು. ಉದ್ದನೆಯ ತೊಟ್ಟಿಯಂಥ ಮೇಜು, ಸುತ್ತ ನಿಂತ ಆಟಗಾರರು. ಒಳಭಾಗದಲ್ಲಿ ಹಣ ಕೊಟ್ಟು ತೆಗೆದುಕೊಳ್ಳುವ ಇಬ್ಬರು ಡೀಲರ್‌ಗಳು, ಅವರ ನಡುವೆ ಚಿಪ್ಸ್ ರಾಶಿಯನ್ನು ಕಾಯುತ್ತ ಕೂತ ಬಾಕ್ಸ್‌ಮ್ಯಾನ್, ಎದುರಿಗೆ ಬಾಗಿದ ಕೋಲಿನಿಂದ ದಾಳ ತಳ್ಳುವ ಸ್ಟಿಕ್‌ಮ್ಯಾನ್. ನನ್ನ ಜೊತೆ ಬಂದಿದ್ದ ದಾವಣಗೆರೆ ಕಡೆಯ ಹಿರಿಯ ಸಹೋದ್ಯೋಗಿ ಪಕ್ಕದಲ್ಲಿ ನಿಂತು ಪಿಸುಗುಟ್ಟುತ್ತಿದ್ದರು: "ರೊಕ್ಕ ಅವರ ಕೈಯಾಗ ಕೊಡಬ್ಯಾಡ್ರಿ, ಮೇಜಿನ ಮ್ಯಾಲಿಡ್ರಿ. ದಾಳ ಒಂದೇ ಕೈಲೆ ಹಿಡೀರಿ." ಡೀಲರ್ ಆಟಗಾರರ ಕೈಯಿಂದ ಹಣ ಮುಟ್ಟುವಂತಿಲ್ಲ, ಎಲ್ಲವೂ ಕ್ಯಾಮೆರಾಕ್ಕೆ ಕಾಣುವಂತೆ ಬಟ್ಟೆಯ ಮೇಲೆ ನಡೆಯಬೇಕು. ಎಸೆದ ದಾಳಗಳು ಎದುರಿನ ಗೋಡೆಗೆ ಬಡಿದು ಬೀಳಬೇಕು. ಆ ಗೋಡೆಗೆ ಮೊನೆಮೊನೆಯಾದ ರಬ್ಬರ್ ಅಂಟಿಸಿರುತ್ತಾರೆ, ಯಾರ ಕೈಚಳಕವೂ ನಡೆಯಬಾರದೆಂದು. ಆಟದ ನಡುವೆ ಏಳು ಎಂಬ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದರೆ ಸುತ್ತಲಿನವರು ಗುರ್ ಎನ್ನುತ್ತಾರೆ.

ಇನ್ನು ಆಟ. ದಾಳ ಎಸೆಯುವವರನ್ನು ಶೂಟರ್ ಎನ್ನುತ್ತಾರೆ. ಎಸೆಯುವ ಮುಂಚೆ ನಾವು ಪಾಸ್ ಲೈನ್ ಎಂಬ ಪಟ್ಟಿಯ ಮೇಲೆ ಬಾಜಿ ಇಡುತ್ತೇವೆ. ಮೊದಲ ಗರ 7 ಅಥವಾ 11 ಬಿದ್ದರೆ ಇಟ್ಟಷ್ಟೇ ಗೆಲುವು. 2, 3, 12 ಬಿದ್ದರೆ ಸೋಲು. ಉಳಿದ 4, 5, 6, 8, 9, 10ರಲ್ಲಿ ಯಾವುದು ಬಿತ್ತೋ ಅದು ಪಾಯಿಂಟ್. ಡೀಲರ್ ಆ ಸಂಖ್ಯೆಯ ಮೇಲೆ 'ಆನ್' ಎಂದು ಬರೆದ ಬಿಲ್ಲೆ ಇಡುತ್ತಾರೆ. ಅಲ್ಲಿಂದ ಮುಂದೆ ಎರಡೇ ಸಂಖ್ಯೆಗಳ ಓಟ. ಪಾಯಿಂಟ್ ಮರಳಿ ಬಿದ್ದರೆ ನಮ್ಮ ಗೆಲುವು, ಅದಕ್ಕೂ ಮೊದಲು 7 ಬಿದ್ದರೆ ಸೋಲು. ಹೊಸಬರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಇದರ ಬೆಲೆ ತಿಳಿಯಲು ಹೈಸ್ಕೂಲಿನ ಗಣಿತ ಸಾಕು. ಎರಡು ದಾಳ ಬೀಳುವ ಬಗೆಗಳು 36. ಅದರಲ್ಲಿ 7 ಬೀಳುವುದು 6 ಬಗೆಯಲ್ಲಿ; 6 ಮತ್ತು 8 ತಲಾ 5; 5 ಮತ್ತು 9 ತಲಾ 4; 4 ಮತ್ತು 10 ತಲಾ 3; 3 ಮತ್ತು 11 ತಲಾ 2; 2 ಮತ್ತು 12 ತಲಾ ಒಂದೊಂದೇ. ಇದನ್ನು ಹಿಡಿದು ಪಾಸ್ ಲೈನ್ ಲೆಕ್ಕ ಹಾಕಿದರೆ ಸರಾಸರಿ 1,980 ಬಾಜಿಗಳಿಗೆ 976 ಗೆಲುವು, 1,004 ಸೋಲು. ಅಂತರ 28. ಅಂದರೆ 100 ಡಾಲರ್ ಬಾಜಿ ಕಟ್ಟಿದರೆ ಕ್ಯಾಸಿನೊಗೆ ಸರಾಸರಿ ಉಳಿಯುವುದು ಒಂದು ಡಾಲರ್ 41 ಸೆಂಟ್. ಶೂಟರ್ ಸೋಲುತ್ತಾರೆಂದು ಕಟ್ಟುವ 'ಡೋಂಟ್ ಪಾಸ್' ಬಾಜಿಯಲ್ಲಿ ಇದು ಇನ್ನೂ ಕೂದಲೆಳೆಯಷ್ಟು ಕಡಿಮೆ, 1.36. ಆದರೆ ಇಡೀ ಮೇಜು ಗೆಲುವಿಗೆ ಕೂಗುತ್ತಿರುವಾಗ ಒಬ್ಬರೇ ಸೋಲಿಗೆ ಕಾಯುತ್ತ ನಿಲ್ಲುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ.

ಬರೆಯದ ಬಾಜಿ ಬರುವುದು ಪಾಯಿಂಟ್ ನಿಂತ ಮೇಲೆ. ನಮ್ಮ ಪಾಸ್ ಲೈನ್ ಚಿಪ್ಸ್ ಹಿಂದೆ ಖಾಲಿ ಜಾಗದಲ್ಲಿ ಇನ್ನಷ್ಟು ಚಿಪ್ಸ್ ಇಡಬಹುದು. ಇದನ್ನು 'ಆಡ್ಸ್' ಎನ್ನುತ್ತಾರೆ. ಪಾಯಿಂಟ್ 4 ಅಥವಾ 10 ಇದ್ದರೆ ಒಂದಕ್ಕೆ ಎರಡು ಕೊಡುತ್ತಾರೆ. 5 ಅಥವಾ 9ಕ್ಕೆ, ಎರಡಕ್ಕೆ ಮೂರು. 6 ಅಥವಾ 8ಕ್ಕೆ, ಐದಕ್ಕೆ ಆರು. ಮೇಲಿನ ಪಟ್ಟಿಯ ಜೊತೆ ತಾಳೆ ನೋಡಿ: 7 ಬೀಳಲು 6 ದಾರಿ, 4 ಬೀಳಲು 3 ದಾರಿ, ಹಾಗಾಗಿ ಒಂದಕ್ಕೆ ಎರಡು. ಚುಕ್ತಾ ಲೆಕ್ಕ, ಕ್ಯಾಸಿನೊದ ಪಾಲು ಸೊನ್ನೆ. ಎಷ್ಟು ಪಟ್ಟು ಇಡಬಹುದೆಂಬುದಕ್ಕೆ ಮಿತಿಯಿದೆ. ಪಾಯಿಂಟಿಗೆ ತಕ್ಕಂತೆ ಮೂರು, ನಾಲ್ಕು, ಐದು ಪಟ್ಟು ಎಂಬುದು ವೇಗಸ್‌ನಲ್ಲಿ ಸಾಮಾನ್ಯ. ಮೇಜಿನ ಮೇಲಿನ ಚಿಕ್ಕ ಫಲಕದಲ್ಲಿ ಕನಿಷ್ಠ, ಗರಿಷ್ಠ ಬಾಜಿಯ ಜೊತೆ ಇದನ್ನೂ ಹಾಕಿರುತ್ತಾರೆ, ಓದಿಕೊಂಡೇ ನಿಲ್ಲಬೇಕು.

ಈಗ ಮೇಜಿನ ನಡುಭಾಗ ನೋಡಿ. ಬಣ್ಣಬಣ್ಣದ ದಾಳದ ಚಿತ್ರಗಳು, ದೊಡ್ಡ ದೊಡ್ಡ ದರಗಳು. ಮುಂದಿನ ಗರದಲ್ಲೇ 12 ಬಿದ್ದರೆ ಒಂದಕ್ಕೆ 30 ಎಂದು ಬರೆದಿರುತ್ತದೆ. ಆದರೆ 12 ಬೀಳದ ದಾರಿಗಳು 35, ಬೀಳುವುದು ಒಂದು. ನ್ಯಾಯದ ದರ ಒಂದಕ್ಕೆ 35. ಆ ಐದು ಯಾರ ಪಾಲು ಎಂದು ಬೇರೆ ಹೇಳಬೇಕಿಲ್ಲ. ನೂರು ಡಾಲರಿಗೆ ಸುಮಾರು 13.89 ಕ್ಯಾಸಿನೊಗೆ. ಮೂರು-ಮೂರು ಜೋಡಿಯಾಗಿ ಬಿದ್ದು ಆರಾಗುವ 'ಹಾರ್ಡ್ ಸಿಕ್ಸ್'ಗೆ 9.09. ಜೋಡಿ ಎರಡರ ನಾಲ್ಕಕ್ಕೆ 11.11. ಎಲ್ಲಕ್ಕಿಂತ ದುಬಾರಿ, ಮುಂದಿನ ಗರವೇ 7 ಎಂದು ಕಟ್ಟುವ 'ಎನಿ ಸೆವೆನ್': ಒಂದಕ್ಕೆ ಐದು ಕೊಡಬೇಕಾದ ಕಡೆ ನಾಲ್ಕೇ ಕೊಡುತ್ತಾರೆ, ನೂರಕ್ಕೆ 16.67 ಹೋಯಿತು. ಸ್ಟಿಕ್‌ಮ್ಯಾನ್ ಬಾಯಿಗೆ ಬಿಡುವಿಲ್ಲದೆ ರಾಗವಾಗಿ ಕೂಗುವುದು ಈ ನಡುಭಾಗದ ಬಾಜಿಗಳನ್ನೇ. ಹಿಂದಿನ ಖಾಲಿ ಜಾಗಕ್ಕೆ ಹಣ ಇಡಿ ಎಂದು ಕೂಗಿದ್ದನ್ನು ನಾನು ಕೇಳಿಲ್ಲ.

ಶೇಕಡಾವಾರಿನಲ್ಲಿ ಹೇಳಿದರೆ ಎಲ್ಲವೂ ಚಿಲ್ಲರೆಯೆನಿಸುತ್ತದೆ, ಆದ್ದರಿಂದ ಗಂಟೆಯ ಲೆಕ್ಕಕ್ಕೆ ತಿರುಗಿಸುತ್ತೇನೆ. ಗಂಟೆಗೆ 100 ಗರ ಬೀಳುವ ಮೇಜಿನಲ್ಲಿ ಪಾಸ್ ಲೈನ್ ಬಾಜಿ ಸುಮಾರು 30 ಸಲ ತೀರ್ಮಾನವಾಗುತ್ತದೆ. ಸಲಕ್ಕೆ 15 ಡಾಲರಿನಂತೆ ಕಟ್ಟಿದ ಒಟ್ಟು ಮೊತ್ತ 450, ಅದರಲ್ಲಿ ಶೇ 1.41 ಎಂದರೆ 6 ಡಾಲರ್ ಮತ್ತು ಚಿಲ್ಲರೆ. ಇನ್ನೊಬ್ಬರು ಪ್ರತಿ ಗರಕ್ಕೂ ಬರೀ 5 ಡಾಲರ್ 'ಎನಿ ಸೆವೆನ್' ಮೇಲೆ ಇಟ್ಟರೆ ಗಂಟೆಗೆ 500 ಕಟ್ಟಿದಂತಾಯಿತು, ಸರಾಸರಿ ನಷ್ಟ 83 ಡಾಲರ್. ಅದೇ ಮೇಜು, ಅವೇ ದಾಳ, ಚಿಕ್ಕ ಬಾಜಿ. ಆದರೂ ಹದಿಮೂರು ಪಟ್ಟು ಖರ್ಚು. ಈ ಲೆಕ್ಕದಿಂದ ಇನ್ನೊಂದು ವಿಷಯವೂ ಹೊಳೆಯುತ್ತದೆ. ಗಿಜಿಗುಡುವ ಮೇಜಿನಲ್ಲಿ ಗರಗಳು ನಿಧಾನ, ಆದ್ದರಿಂದ ಗಂಟೆಯ ಖರ್ಚು ಕಡಿಮೆ. ಕಡಿಮೆ ಬಾಜಿಯ ಆಸೆ ತೋರಿಸುವ ಗಾಜಿನ ಗುಮ್ಮಟದೊಳಗೆ ದಾಳ ಕುಣಿಸುವ ಯಂತ್ರಗಳಲ್ಲಿ ಆಟ ಬೇಗ ಸಾಗುತ್ತದೆ, ಉಳಿತಾಯದ ಬಹುಪಾಲನ್ನು ವೇಗವೇ ನುಂಗುತ್ತದೆ.

ಸರಾಸರಿ ಆರು ಡಾಲರ್ ಎಂದ ಮಾತ್ರಕ್ಕೆ ಆರೇ ಹೋಗುತ್ತದೆಂದಲ್ಲ. ಮೇಲೆ ಹೇಳಿದ ಪಾಸ್ ಲೈನ್ ಆಟದಲ್ಲೇ ಒಂದು ಗಂಟೆಗೆ 80 ಡಾಲರ್ ಆಚೀಚೆ ಆಗುವುದು ತೀರ ಮಾಮೂಲು. ಹಿಂದೆ ಮೂರು, ನಾಲ್ಕು, ಐದು ಪಟ್ಟು ಆಡ್ಸ್ ಪೂರ್ತಿ ಇಟ್ಟರೆ ಆ ಏರಿಳಿತ ಸುಮಾರು 400ಕ್ಕೆ ಹೋಗುತ್ತದೆ. ಕ್ಯಾಸಿನೊದ ಪಾಲು ಸೊನ್ನೆ, ನಿಜ. ಜೇಬಿಗೆ ಬೀಳುವ ಪೆಟ್ಟು ಮಾತ್ರ ಸೊನ್ನೆಯಲ್ಲ. ಅಗ್ಗದ ಬಾಜಿಗೂ ಸುರಕ್ಷಿತ ಬಾಜಿಗೂ ವ್ಯತ್ಯಾಸವಿದೆ ಎಂಬುದನ್ನು ಆಡ್ಸ್‌ನಷ್ಟು ಸ್ಪಷ್ಟವಾಗಿ ನನಗೆ ಯಾವ ಪುಸ್ತಕವೂ ತೋರಿಸಿರಲಿಲ್ಲ. ಹೀಗಾಗಿ ನಾನು ಕನಿಷ್ಠ ಬಾಜಿ ಪಾಸ್ ಲೈನಿನಲ್ಲಿ, ಒಂದು ಪಟ್ಟು ಆಡ್ಸ್ ಹಿಂದೆ, ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಒಂದು ಸಂಜೆಯ ಹಣ ಕವರಿನಲ್ಲಿ, ಕಾರ್ಡು ಕೋಣೆಯ ಲಾಕರಿನಲ್ಲಿ. ಕೆಲವು ಸಂಜೆ ಕವರು ಖಾಲಿಯಾಯಿತು, ಕೆಲವು ಸಂಜೆ ದಪ್ಪಗಾಯಿತು. ಇಡೀ ಪ್ರವಾಸದ ಖರ್ಚಿನಲ್ಲಿ ಹೋಟೆಲ್ಲಿನವರು ಬಾಡಿಗೆಯ ಮೇಲೆ ಹೇರುವ ರೆಸಾರ್ಟ್ ಫೀ ಎಷ್ಟೋ ಸಲ ದಾಳಕ್ಕಿಂತ ಹೆಚ್ಚು ಕಿತ್ತುಕೊಂಡಿದೆ.

ಮೇಜಿನ ಸುತ್ತ ನಂಬಿಕೆಗಳಿಗೇನೂ ಬರವಿಲ್ಲ. ತುಂಬ ಹೊತ್ತಿನಿಂದ 7 ಬಿದ್ದಿಲ್ಲ, ಈಗ ಬೀಳಲೇಬೇಕು ಎನ್ನುವವರು ಒಂದು ಕಡೆ. ಈ ಶೂಟರ್ ಕೈ ಬಿಸಿಯಿದೆ, ಬೀಳುವುದೇ ಇಲ್ಲ ಎನ್ನುವವರು ಇನ್ನೊಂದು ಕಡೆ. 2009ರಲ್ಲಿ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾ ಕ್ಯಾಸಿನೊದಲ್ಲಿ ಒಬ್ಬ ಮಹಿಳೆ ನಾಲ್ಕು ಗಂಟೆಗೂ ಹೆಚ್ಚು ಕಾಲ, 154 ಗರ ಎಸೆದ ದಾಖಲೆಯಿದೆ. ಸಾಮಾನ್ಯವಾಗಿ ಒಬ್ಬ ಶೂಟರ್ ಸರಾಸರಿ ಎಂಟೂವರೆ ಗರಕ್ಕೆ ದಾಳ ಬಿಟ್ಟುಕೊಡಬೇಕಾಗುತ್ತದೆ. ಆ ಮಹಿಳೆ ನೂರೈವತ್ತಮೂರನೆಯ ಗರ ಎಸೆಯುವಾಗಲೂ 7 ಬೀಳುವ ದಾರಿಗಳು ಆರೇ ಇದ್ದವು. ದಾಳಕ್ಕೆ ನೆನಪಿಲ್ಲ.

ಉದಾರವಾಗಿ ಕಾಣುವ ನಿಯಮವನ್ನೂ ಅಳೆದು ನೋಡಬೇಕು. ವೇಗಸ್‌ನ ಕೆಲವು ಮೇಜುಗಳಲ್ಲಿ 'ಕ್ರ್ಯಾಪ್‌ಲೆಸ್' ಎಂಬ ಬಗೆ ಇದೆ: ಮೊದಲ ಗರ 2, 3, 12 ಬಿದ್ದರೂ ಸೋಲಿಲ್ಲ, ಅವೂ ಪಾಯಿಂಟ್ ಆಗುತ್ತವೆ. ಕೇಳಲು ದೊಡ್ಡ ಉಪಕಾರ. ಆದರೆ 11 ಕೂಡ ಗೆಲುವಿನ ಬದಲು ಪಾಯಿಂಟ್ ಆಗುತ್ತದೆ, ಮತ್ತು ಅಪರೂಪದ ಸಂಖ್ಯೆ 7ಕ್ಕಿಂತ ಮೊದಲು ಮರಳಿ ಬೀಳುವುದು ಕಷ್ಟ. ನೂರಕ್ಕೆ 1.41 ಇದ್ದ ಬೆಲೆ 5.38ಕ್ಕೆ ಏರುತ್ತದೆ.

ಗೆದ್ದವರಿಗೆ ತೆರಿಗೆಯ ಮಾತೂ ಇದೆ. ಭಾರತದಿಂದ ಪ್ರವಾಸಕ್ಕೆ ಹೋದವರ ಕ್ರ್ಯಾಪ್ಸ್ ಗೆಲುವಿಗೆ ಅಮೆರಿಕ ತೆರಿಗೆ ಹಾಕುವುದಿಲ್ಲ. ಸ್ಲಾಟ್ ಯಂತ್ರದ ಗೆಲುವಿಗೆ ಆ ವಿನಾಯಿತಿಯಿಲ್ಲ. ಆದರೆ ಭಾರತದ ನಿವಾಸಿಯಾದವರು ಊರಿಗೆ ಬಂದ ಮೇಲೆ ಜೂಜಿನ ಗೆಲುವಿಗೆ ಶೇ 30 ಕಟ್ಟಬೇಕು, ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಅಮೆರಿಕದಲ್ಲೇ ನೆಲೆಸಿದ ನಮ್ಮವರು ಇನ್ನೊಂದನ್ನು ಗಮನಿಸಬೇಕು: 2025ರಲ್ಲಿ ಆದ ಕಾನೂನಿನಂತೆ 2026ರಿಂದ ಜೂಜಿನ ಸೋಲಿನಲ್ಲಿ ಶೇ 90ರಷ್ಟನ್ನು ಮಾತ್ರ ಗೆಲುವಿನಿಂದ ಕಳೆಯಬಹುದು. ವರ್ಷದಲ್ಲಿ 10,000 ಗೆದ್ದು 10,000 ಸೋತವರೂ 1,000 ಡಾಲರಿಗೆ ತೆರಿಗೆ ಕಟ್ಟಬೇಕಾದೀತು. ಇಷ್ಟು ದೂರವೇಕೆ, ಗೋವಾದಲ್ಲೇ ಆಡೋಣ ಎನ್ನುವವರಿಗೆ: ಮಾಂಡೋವಿ ನದಿಯ ಕ್ಯಾಸಿನೊಗಳಲ್ಲಿ ಚಿಪ್ಸ್ ಕೊಳ್ಳಲು ಕೊಡುವ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್‌ನಿಂದ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಆ ತೆರಿಗೆಯ ಮುಂದೆ 1.41ರ ಜಾಣತನವೆಲ್ಲ ತೊಳೆದುಹೋಗುತ್ತದೆ.

ಇಷ್ಟೆಲ್ಲ ಹೇಳಿ ಆಡಿ ಎನ್ನುತ್ತಿಲ್ಲ. ಕ್ರ್ಯಾಪ್ಸ್‌ನಲ್ಲಿ ಅತಿ ಒಳ್ಳೆಯ ಬಾಜಿಯ ಫಲವೂ ಸೊನ್ನೆ; ಸೊನ್ನೆಯಿಂದ ಯಾರ ನಿವೃತ್ತಿಯೂ ನಡೆಯುವುದಿಲ್ಲ. ಅದನ್ನು ಸಿನಿಮಾ ಟಿಕೆಟ್ಟಿನಂತೆ ಖರ್ಚಿನ ಲೆಕ್ಕದಲ್ಲೇ ಬರೆಯಬೇಕು. ಆದರೆ ಊರಿಗೆ ಮರಳಿದ ಮೇಲೆ ನಾನು ನನ್ನ ಹೂಡಿಕೆಗಳನ್ನು ಓದುವ ಬಗೆ ಬದಲಾಯಿತು. ಸೆಬಿ 2013ರ ಜನವರಿ 1ರಿಂದ ಮ್ಯೂಚುವಲ್ ಫಂಡುಗಳು ಡೈರೆಕ್ಟ್ ಪ್ಲಾನ್ ಕೊಡಬೇಕೆಂದು ನಿಯಮ ಮಾಡಿತು. ಅದೇ ಫಂಡು, ಅವೇ ಷೇರುಗಳು, ವಿತರಕರ ಕಮಿಷನ್ ಮಾತ್ರ ಇಲ್ಲ. ವೆಚ್ಚದಲ್ಲಿ ಶೇ 1ರ ವ್ಯತ್ಯಾಸವಿದ್ದರೂ 10 ಲಕ್ಷಕ್ಕೆ ವರ್ಷಕ್ಕೆ 10,000 ರೂಪಾಯಿ. ಮನೆಗೆ ಬಂದು ಫಾರಂ ತುಂಬಿಸಿಕೊಳ್ಳುವವರಿಗೆ ಅದರ ಹೆಸರೆತ್ತಲು ಕಾರಣವೇ ಇಲ್ಲ. ಅವರು ಎತ್ತುವುದು ವಿಮೆ, ಉಳಿತಾಯ, ಬೋನಸ್ಸು ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಸುತ್ತಿದ ಪಾಲಿಸಿಯನ್ನು.

ಆಗ ನಾನು ಕೇಳುವುದು ಮೂರು. ಗೆದ್ದರೆ ಎಷ್ಟು ಎನ್ನುತ್ತೀರಿ, ಎಷ್ಟು ಸಲಕ್ಕೊಮ್ಮೆ ಗೆಲ್ಲುತ್ತೇನೆ? ಇದರಲ್ಲಿ ವರ್ಷಕ್ಕೆ ನಿಮ್ಮವರಿಗೆ ಉಳಿಯುವುದು ಎಷ್ಟು ರೂಪಾಯಿ? ಇದೇ ಕೆಲಸ ಮಾಡುವ, ನೀವು ಹೇಳದೆ ಬಿಟ್ಟ ಅಗ್ಗದ್ದೊಂದು ಇದೆಯೇ? ಮೂರಕ್ಕೂ ಶೇಕಡಾವಾರಿನಲ್ಲಲ್ಲ, ರೂಪಾಯಿಯಲ್ಲಿ ಉತ್ತರ ಬರೆಸಿಕೊಂಡ ಮೇಲೆಯೇ ಸಹಿ.