ಮೊದಲ ಸಲ ಮೀನು ಹುರಿಯುವವರಿಗೆ

ಮೀನು ಹುರಿಯಲು ಕಲಿಯುವವರು ಬಂಗುಡೆ, ಬೂತಾಯಿಯಿಂದ ಶುರುಮಾಡುವುದು ಬೇಡ. ಅವು ರುಚಿಯಾದ ಮೀನುಗಳೇ, ಆದರೆ ಮುಳ್ಳು ಬಿಡಿಸಿ ತಿನ್ನುವ ಅಭ್ಯಾಸ ಬೇಕು. ಅಂಜಲ್ ತನ್ನಿ. ಕೆಲವು ಅಂಗಡಿಗಳಲ್ಲಿ ಇದನ್ನೇ ಸುರ್ಮಾಯಿ ಅನ್ನುತ್ತಾರೆ. ನಡುಮುಳ್ಳು ತೆಗೆದು, ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ ಕೊಡಿ ಎಂದು ಅಂಗಡಿಯವರನ್ನೇ ಕೇಳಿ. ಕತ್ತರಿಸುವ ಮೊದಲು ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಜಾಗ ಮತ್ತೆ ಮೇಲೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಹೆಪ್ಪುಗಟ್ಟಿಸಿದ್ದೇ ಸಿಕ್ಕರೆ ಬೇಸರ ಬೇಡ, ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಬಿಸಿನೀರಿಗೆ ಹಾಕಿ ಕರಗಿಸಬೇಡಿ.

ಕುರಿಮಾಂಸದ ಗಟ್ಟಿ ನಾರು ಮೆತ್ತಗಾಗಲು ಹೊತ್ತು ಬೇಕು. ಮೀನಿನಲ್ಲಿ ಅಂಥ ಗಟ್ಟಿ ನಾರು ತೀರಾ ಕಡಿಮೆ. ತುಂಡಿನ ಒಳಗೆ ಸುಮಾರು 60 ಡಿಗ್ರಿ ಬಿಸಿ ತಲುಪಿದರೆ ಬೆಂದಂತೆಯೇ. ಅದಕ್ಕಿಂತ ಬಹಳ ಮುಂದೆ ಹೋದರೆ ಒಳಗಿನ ನೀರು ಹೊರಬಂದು ಮಾಂಸ ಹತ್ತಿಯಂತೆ ಒಣಗುತ್ತದೆ. ಮೀನು ಕೆಡುವುದು ಹೆಚ್ಚಾಗಿ ಮಸಾಲೆಯಿಂದಲ್ಲ, ಇನ್ನೊಂದು ನಿಮಿಷ ಇರಲಿ ಅನ್ನುವ ನಮ್ಮ ಅನುಮಾನದಿಂದ.

ಅರ್ಧ ಕಿಲೋ ತುಂಡಿಗೆ ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಚಿಟಿಕೆ ಅರಿಸಿನ, ಮುಕ್ಕಾಲು ಚಮಚ ಉಪ್ಪು, ಗಟ್ಟಿ ಹುಣಸೆರಸ ಸಾಕು. ಬ್ಯಾಡಗಿ ಬಣ್ಣಕ್ಕೆ. ಖಾರ ಬೇಕಾದವರು ಗುಂಟೂರು ಮೆಣಸಿನ ಪುಡಿಯನ್ನು ಸ್ವಲ್ಪ ಸೇರಿಸಿ. ಮೊದಲು ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ಈ ಕೆಲಸ ಬಿಟ್ಟವರ ಕಾವಲಿಯಲ್ಲಿ ಮೀನು ಹುರಿಯುವುದಿಲ್ಲ, ತನ್ನದೇ ನೀರಿನಲ್ಲಿ ಬೇಯುತ್ತದೆ. ಮಸಾಲೆ ಹಚ್ಚಿ ಕಾಲು ಗಂಟೆ ಬಿಡಿ. ಹುಣಸೆಯ ಬದಲು ನಿಂಬೆ ಹಿಂಡಿದರೆ ಅದಕ್ಕಿಂತ ಹೆಚ್ಚು ಹೊತ್ತು ಇಡಬೇಡಿ, ಹುಳಿಯಲ್ಲೇ ಮೀನಿನ ಮೈ ಬೆಳ್ಳಗಾಗಿ ಬಿಗಿಯುತ್ತದೆ.

ಕಾವಲಿ ಚೆನ್ನಾಗಿ ಕಾದ ಮೇಲೆ ಎರಡು ಚಮಚ ತೆಂಗಿನೆಣ್ಣೆ, ನಾಲ್ಕು ಎಸಳು ಕರಿಬೇವು. ತುಂಡುಗಳನ್ನು ಸಣ್ಣ ರವೆಯಲ್ಲಿ ಹೊರಳಿಸುವುದು ಈಗ, ಮೊದಲೇ ಅಲ್ಲ. ಮೊದಲೇ ಹೊರಳಿಸಿಟ್ಟರೆ ರವೆ ನೆನೆದು ಗರಿಯಾಗುವುದಿಲ್ಲ. ಮಧ್ಯಮ ಉರಿಯಲ್ಲಿ ಮೂರು ನಿಮಿಷ ಮುಟ್ಟಬೇಡಿ. ಅಂಟಿದೆಯೇ ಎಂದು ಕೆದಕುವುದರಿಂದಲೇ ಹೊದಿಕೆ ಕಿತ್ತು ಬರುವುದು. ತಳ ಗರಿಯಾದರೆ ತುಂಡು ತಾನೇ ಕಾವಲಿ ಬಿಡುತ್ತದೆ. ಒಮ್ಮೆ ಮಗುಚಿ, ಇನ್ನೆರಡು ಮೂರು ನಿಮಿಷ. ಚಾಕುವಿನ ತುದಿ ಆಡಿಸಿದಾಗ ಮಾಂಸ ಪದರಪದರವಾಗಿ ಬಿಟ್ಟು, ಒಳಗೆಲ್ಲ ಬೆಳ್ಳಗಿದ್ದರೆ ಇಳಿಸಿಬಿಡಿ.

ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಬಾಸಾ ಫಿಲೆಟ್ ಸುಲಭವಾಗಿ ಸಿಗುತ್ತದೆ. ಸಪ್ಪೆ ಎಂದು ಕರಾವಳಿಯವರು ಮೂಗು ಮುರಿಯುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಆದರೂ ಮುಳ್ಳಿಲ್ಲದ, ಅಗ್ಗದ ಮೀನನ್ನು ಕಲಿಯುವವರು ಬಿಡಬೇಕಿಲ್ಲ. ನೀರಿನಂಶ ಜಾಸ್ತಿಯಾದ್ದರಿಂದ ಅದನ್ನು ರವೆಗೆ ಹಾಕಬೇಡಿ. ಈರುಳ್ಳಿ, ಟೊಮೇಟೊ, ಖಾರದ ಪುಡಿಯ ಗಟ್ಟಿ ಗೊಜ್ಜು ಬಾಡಿಸಿ, ತುಂಡುಗಳನ್ನು ಅದರ ಮೇಲೆ ಹಾಸಿ, ಐದು ನಿಮಿಷ ಮುಚ್ಚಿಡಿ. ಸೌಟು ಹಾಕಿ ಕಲಕಿದರೆ ಪುಡಿಯಾಗುತ್ತದೆ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಚಪಾತಿಗೆ ಇದೇ ಒಳ್ಳೆಯ ಜೊತೆ.

ಯಾವ ಮೀನಾದರೂ ಅನ್ನ, ಸಾರು ಮೊದಲು ಆಗಲಿ. ಎಲ್ಲರೂ ಕೈತೊಳೆದು ಕೂತ ಮೇಲೆ ಮೀನನ್ನು ಒಲೆಗೇರಿಸಿ.