ರೆಕ್ಕೆಯಾಗದ ರೆಕ್ಕೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಜನರಿಗೆ ಎರಡು ಕೀಟಗಳ ಪರಿಚಯ ಚೆನ್ನಾಗಿ ಉಂಟು. ಒಂದು, ಹಿಪ್ಪುನೇರಳೆ ಸೊಪ್ಪನ್ನು ತಿಂದು ಗೂಡು ಕಟ್ಟುವ ರೇಷ್ಮೆಹುಳು. ಇನ್ನೊಂದು, ಬಲಿಯುತ್ತಿರುವ ಮಾವಿನ ಸಿಪ್ಪೆಯೊಳಗೆ ಮೊಟ್ಟೆಯಿಟ್ಟು ಫಸಲನ್ನು ಕೆಡಿಸುವ ಹಣ್ಣುನೊಣ. ಒಂದನ್ನು ರೈತನು ಮನೆಯ ಮಗುವಿನಂತೆ ಸಾಕುತ್ತಾನೆ. ಇನ್ನೊಂದನ್ನು ತೋಪಿನಲ್ಲಿ ಮೋಹಕ ಬಲೆಗಳನ್ನು ತೂಗುಹಾಕಿ ಹಿಡಿಯುತ್ತಾನೆ.

ಮಿತ್ರ, ಶತ್ರು ಎಂಬ ಈ ಭೇದವನ್ನು ಬದಿಗಿಟ್ಟು ನೋಡಿದರೆ ಎರಡರ ಬಾಳೂ ಒಂದೇ ಬಗೆಯದು. ಎರಡೂ ಮೊಟ್ಟೆಯಿಂದ ಹುಳುವಾಗಿ, ಹುಳುವಿನಿಂದ ಕೋಶಾವಸ್ಥೆಗೆ ಸೇರಿ, ಕೊನೆಗೆ ರೆಕ್ಕೆ ತಳೆದು ಹೊರಬರುತ್ತವೆ. ಆದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಗೂಡನ್ನು ಒಡೆದು ಬರುವ ರೇಷ್ಮೆ ಚಿಟ್ಟೆಗೆ ನಾಲ್ಕು ರೆಕ್ಕೆಗಳು, ನೊಣಕ್ಕೆ ಎರಡೇ. ಜೇನುಹುಳು, ಕೊಡತಿಹುಳು ಮುಂತಾದವುಗಳಿಗೂ ನಾಲ್ಕು ರೆಕ್ಕೆಗಳಿವೆ. ಹಾಗಾದರೆ ನೊಣದ ಎರಡನೆಯ ಜೊತೆ ರೆಕ್ಕೆಗಳು ಎಲ್ಲಿ ಹೋದವು?

ಅವು ಎಲ್ಲಿಗೂ ಹೋಗಿಲ್ಲ. ನೊಣದ ರೆಕ್ಕೆಗಳ ಹಿಂದೆ, ಭೂತಗನ್ನಡಿಯಿಂದ ನೋಡಿದರೆ ಕಾಣುವಷ್ಟು ಸಣ್ಣದಾದ, ಗದೆಯಾಕಾರದ ಎರಡು ಅಂಗಗಳಿವೆ. ಇವಕ್ಕೆ ಹಾಲ್ಟಿಯರ್ ಎಂದು ಹೆಸರು. ಹಾರುವಾಗ ಇವು ರೆಕ್ಕೆಗಳೊಡನೆ ವೇಗವಾಗಿ ಮಿಡಿಯುತ್ತ, ಮೈ ಯಾವ ಕಡೆಗೆ ವಾಲುತ್ತಿದೆ ಎಂಬುದನ್ನು ನೊಣಕ್ಕೆ ತಿಳಿಸುತ್ತವೆ. ಇವನ್ನು ಕಳೆದುಕೊಂಡ ನೊಣವು ನೆಟ್ಟಗೆ ಹಾರಲಾರದೆ ಬೀಳುತ್ತದೆ. ರೆಕ್ಕೆಯಾಗಬೇಕಾಗಿದ್ದ ಅಂಗವೇ ಇಲ್ಲಿ ಹಾಲ್ಟಿಯರ್ ಆಗಿದೆ. ಈ ಮಾರ್ಪಾಡಿನ ಗುಟ್ಟನ್ನು ವಿಜ್ಞಾನಿಗಳಿಗೆ ತಿಳಿಸಿದ್ದು ಮಾವಿನ ನೊಣವಲ್ಲ. ಮಾಗಿದ ಬಾಳೆಹಣ್ಣಿನ ಮೇಲೆ ಮುತ್ತುವ, ಸುಮಾರು 3 ಮಿಲಿಮೀಟರು ಉದ್ದದ, ಕೆಂಪು ಕಣ್ಣಿನ ಡ್ರೊಸೋಫಿಲಾ. ಇದನ್ನೂ ಹಣ್ಣುನೊಣವೆಂದೇ ಕರೆಯುವುದುಂಟು. ಆದರೆ ಇದರ ಕುಟುಂಬ ಬೇರೆ. ಮೊಟ್ಟೆಯಿಂದ ನೊಣವಾಗಲು ಇದಕ್ಕೆ ಬೆಚ್ಚನೆಯ ಸ್ಥಳದಲ್ಲಿ ಹತ್ತು ದಿನ ಸಾಕು. ಆದುದರಿಂದಲೇ ಇದು ಪ್ರಯೋಗಶಾಲೆಗಳ ನಿತ್ಯದ ಸಂಗಾತಿಯಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಇದರ ನಾನಾ ತಳಿಗಳನ್ನು ಸಾಕಿಕೊಂಡು ಬಂದಿದ್ದಾರೆ.

ಡ್ರೊಸೋಫಿಲಾದ ಪ್ರತಿಯೊಂದು ಜೀವಕೋಶದಲ್ಲಿಯೂ ನಾಲ್ಕು ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಸುಮಾರು 14,000 ವಂಶವಾಹಿಗಳಿವೆ. ಕಣ್ಣಿನ ಕೋಶದಲ್ಲಿರುವ ವಂಶವಾಹಿಗಳೇ ಕಾಲಿನ ಕೋಶದಲ್ಲಿಯೂ ಇವೆ. ಬಂಡವಾಳ ಒಂದೇ ಆಗಿರುವಾಗ ಒಂದು ಕೋಶ ಕಣ್ಣಾಗಿ, ಇನ್ನೊಂದು ಕಾಲಾಗಿ ಬೆಳೆಯುವುದು ಹೇಗೆ? ಪ್ರತಿಯೊಂದು ಕೋಶದಲ್ಲಿಯೂ ಕೆಲವು ವಂಶವಾಹಿಗಳು ಕೆಲಸ ಮಾಡುತ್ತವೆ, ಉಳಿದವನ್ನು ಸುಮ್ಮನಿರಿಸಲಾಗುತ್ತದೆ. ಹೀಗೆ ವಂಶವಾಹಿಯನ್ನು ನಾಶಮಾಡದೆ ಮೌನದಲ್ಲಿಡುವುದು ದೇಹರಚನೆಯ ಒಂದು ಮುಖ್ಯ ಉಪಾಯ.

1915ರಲ್ಲಿ ಅಮೆರಿಕದ ಕ್ಯಾಲ್ವಿನ್ ಬ್ರಿಡ್ಜಸ್ ಎಂಬ ವಿಜ್ಞಾನಿಗೆ ಒಂದು ವಿಚಿತ್ರ ನೊಣ ದೊರೆಯಿತು. ಅದರ ಹಾಲ್ಟಿಯರ್‌ನ ಒಂದು ಭಾಗ ರೆಕ್ಕೆಯಂತೆ ಬೆಳೆದಿತ್ತು. ಮುಂದೆ ಎಡ್ವರ್ಡ್ ಲೂಯಿಸ್ ಎಂಬುವರು ಹಲವು ದಶಕಗಳ ಕಾಲ ಇದೇ ವಿಷಯವನ್ನು ಬೆನ್ನುಹತ್ತಿ, ಇಂತಹ ದೋಷಗಳನ್ನು ಒಂದೇ ನೊಣದಲ್ಲಿ ಕೂಡಿಸಿ, ನಾಲ್ಕು ಪೂರ್ಣ ರೆಕ್ಕೆಗಳುಳ್ಳ ನೊಣವನ್ನು ಪಡೆದರು. ರೆಕ್ಕೆ ಹೆಚ್ಚಿದರೂ ಹಾರಾಟ ಹೆಚ್ಚಲಿಲ್ಲ. ಆ ನೊಣ ಸರಿಯಾಗಿ ಹಾರಲಾರದಾಯಿತು. ಈ ಸಾಧನೆಗಾಗಿ ಲೂಯಿಸರು 1995ರಲ್ಲಿ ಕ್ರಿಸ್ಟಿಯಾನ್ ನ್ಯೂಸ್ಲೈನ್ ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಅವರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ಇದರಿಂದ ತಿಳಿದುಬಂದ ಸಂಗತಿ ಹೀಗಿದೆ. ನೊಣದ ಎದೆಯಲ್ಲಿ ಮೂರು ಖಂಡಗಳಿವೆ. ಎರಡನೆಯದರಲ್ಲಿ ರೆಕ್ಕೆ, ಮೂರನೆಯದರಲ್ಲಿ ಹಾಲ್ಟಿಯರ್. ಮೂರನೆಯ ಖಂಡದಲ್ಲಿ ಅಲ್ಟ್ರಾಬೈಥೊರಾಕ್ಸ್ ಎಂಬ ವಂಶವಾಹಿ ಎಚ್ಚರವಾಗಿದ್ದು, ರೆಕ್ಕೆಯನ್ನು ರೂಪಿಸುವ ಹಲವು ವಂಶವಾಹಿಗಳನ್ನು ಅಡಗಿಸುತ್ತದೆ. ಅದು ಕೆಟ್ಟರೆ ಅಡಗಿದ್ದವೆಲ್ಲ ಎದ್ದು ಅಲ್ಲಿಯೂ ರೆಕ್ಕೆ ಮೂಡುತ್ತದೆ. ಎರಡನೆಯ ಖಂಡದಲ್ಲಾದರೋ ರೆಕ್ಕೆಯ ಕೋಶಗಳಲ್ಲಿ ಅಲ್ಟ್ರಾಬೈಥೊರಾಕ್ಸೇ ಮೌನವಾಗಿರಬೇಕು. ಇಲ್ಲದಿದ್ದರೆ ನೊಣಕ್ಕೆ ರೆಕ್ಕೆಯೇ ಬಾರದು.

ಅಡಗಿಸುವುದನ್ನೇ ಅಡಗಿಸುವವರು ಯಾರು? ಭ್ರೂಣದ ಮೊದಲ ಕೆಲವು ಗಂಟೆಗಳಲ್ಲಿ ಆ ಕೆಲಸಕ್ಕೆ ಬೇರೆ ಪ್ರೋಟೀನುಗಳಿವೆ. ಅವು ಬೇಗನೆ ಮರೆಯಾಗುತ್ತವೆ. ಅನಂತರ ಕಾವಲು ನಿಲ್ಲುವುದು ಪಾಲಿಕೋಂಬ್ ಎಂಬ ಗುಂಪಿನ ಪ್ರೋಟೀನುಗಳು. ಈ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಗಂಡು ನೊಣದ ಮುಂಗಾಲುಗಳಲ್ಲಿ ಮಾತ್ರ ಬಾಚಣಿಗೆಯಂತಹ ಗಡುಸು ರೋಮಗಳ ಸಾಲು ಇರುತ್ತದೆ. 1947ರಲ್ಲಿ ಪಮೇಲಾ ಲೂಯಿಸ್ ಕಂಡ ನೊಣದಲ್ಲಿ ಹಿಂದಿನ ಕಾಲುಗಳಲ್ಲಿಯೂ ಬಾಚಣಿಗೆಗಳು ಮೂಡಿದ್ದವು. ಆದುದರಿಂದ ‘ಹಲವು ಬಾಚಣಿಗೆ’ ಎಂಬ ಅರ್ಥದ ಈ ಹೆಸರು ಬಂದಿತು. ಕಾವಲುಗಾರನು ದುರ್ಬಲನಾದುದರಿಂದ ಆ ಕಾಲುಗಳು ತಮ್ಮ ಗುರುತನ್ನು ಮರೆತಿದ್ದವು.

ಈ ಕಾವಲಿನ ರೀತಿಯನ್ನು ನೇಯ್ಗೆಯ ಕಂಡಿಕೆಯಿಂದ ತಿಳಿಯಬಹುದು. ಕಂಡಿಕೆಗೆ ನೂಲನ್ನು ಸುತ್ತಿದಂತೆ, ಡಿಎನ್‌ಎ ಎಂಬ ಉದ್ದನೆಯ ಎಳೆಯು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಪಾಲಿಕೋಂಬ್ ಗುಂಪಿನ ಪ್ರೋಟೀನುಗಳು ಮೌನವಾಗಿರಬೇಕಾದ ಭಾಗದ ಹಿಸ್ಟೋನುಗಳಿಗೆ ಮಿಥೈಲ್ ಎಂಬ ರಾಸಾಯನಿಕ ಗುರುತನ್ನು ಹಚ್ಚಿ, ಆ ಭಾಗವನ್ನು ಬಿಗಿಯಾಗಿಡುತ್ತವೆ. ಕೋಶವು ಒಡೆದು ಎರಡಾದಾಗ ಗುರುತು ಮರಿಕೋಶಗಳಿಗೂ ಹಂಚಿಹೋಗುತ್ತದೆ. ಅಲ್ಲಿ ಅದನ್ನು ಮತ್ತೆ ತುಂಬಿಸಲಾಗುತ್ತದೆ. ಹೀಗೆ ಭ್ರೂಣದಲ್ಲಿ ಆದ ತೀರ್ಮಾನವನ್ನು ಬೆಳೆದ ನೊಣದ ಕೋಶವೂ ನೆನಪಿನಲ್ಲಿಟ್ಟುಕೊಳ್ಳುತ್ತದೆ.

ಈಗ ರೇಷ್ಮೆ ಚಿಟ್ಟೆಯ ಕಡೆಗೆ ತಿರುಗೋಣ. ಅದರ ಮೂರನೆಯ ಖಂಡದಲ್ಲಿಯೂ ಅಲ್ಟ್ರಾಬೈಥೊರಾಕ್ಸ್ ಎಚ್ಚರವಾಗಿಯೇ ಇದೆ. ಆದರೂ ಅಲ್ಲಿ ರೆಕ್ಕೆ ಬೆಳೆಯುತ್ತದೆ. ಈ ಒಗಟನ್ನು ಬಿಡಿಸಲು ಎಲ್. ಎಸ್. ಶಶಿಧರ ಅವರ ತಂಡವು ನೊಣ, ಜೇನುಹುಳು, ರೇಷ್ಮೆಹುಳುಗಳನ್ನು ಹೋಲಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ರೇಷ್ಮೆಹುಳುವಿನ ಅಲ್ಟ್ರಾಬೈಥೊರಾಕ್ಸನ್ನು ನೊಣದಲ್ಲಿಟ್ಟಾಗ ಅದು ನೊಣದ ರೆಕ್ಕೆಯನ್ನು ಅಡಗಿಸಬಲ್ಲದಾಯಿತು! ಅಂದರೆ ಅಡಗಿಸುವ ಶಕ್ತಿ ಅದಕ್ಕೂ ಇದೆ. ರೆಕ್ಕೆಯನ್ನು ರೂಪಿಸುವ ಹಲವು ವಂಶವಾಹಿಗಳ ಬಳಿಗೆ ಅದು ಮೂರು ಕೀಟಗಳಲ್ಲಿಯೂ ಹೋಗಿ ಕೂಡುತ್ತದೆ. ವ್ಯತ್ಯಾಸವಿರುವುದು ಆಜ್ಞೆಯನ್ನು ಕೇಳುವ ಕಡೆಯಲ್ಲಿ. ಆ ವಂಶವಾಹಿಗಳನ್ನು ನಿಯಂತ್ರಿಸುವ ಡಿಎನ್‌ಎ ಭಾಗಗಳು ಕಾಲಕ್ರಮದಲ್ಲಿ ಬದಲಾಗಿದ್ದು ಇದಕ್ಕೆ ಒಂದು ಕಾರಣವೆಂದು ಅವರ ಅಧ್ಯಯನ ಸೂಚಿಸುತ್ತದೆ.

ಇದು ಕೀಟಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಪಾಲಿಕೋಂಬ್ ಗುಂಪಿನ ಪ್ರೋಟೀನುಗಳು ನಮ್ಮ ದೇಹದಲ್ಲಿಯೂ ಇವೆ. ಅವುಗಳಲ್ಲೊಂದು ಹದ ತಪ್ಪಿ, ಅಡಗಿಸಬಾರದ ವಂಶವಾಹಿಗಳನ್ನು ಅಡಗಿಸುವುದು ದುಗ್ಧಗ್ರಂಥಿಗಳ ಕೆಲವು ಬಗೆಯ ಕ್ಯಾನ್ಸರಿನಲ್ಲಿ ಕಂಡುಬಂದಿದೆ. ಅದನ್ನು ತಡೆಯುವ ಔಷಧವೂ ಇಂದು ಬಳಕೆಗೆ ಬಂದಿದೆ. ನೊಣದ ಕಾಲಿನ ಬಾಚಣಿಗೆಯನ್ನು ಎಣಿಸಿದವರಿಗೆ ಅದು ರೋಗಿಯ ಹಾಸಿಗೆಯವರೆಗೆ ದಾರಿ ತೋರೀತೆಂದು ಅಂದು ತಿಳಿದಿರಲಿಲ್ಲ. ಅಲ್ಪವೆಂದು ನಾವು ಓಡಿಸುವ ಜೀವಿಯಲ್ಲಿಯೂ ನಮ್ಮ ದೇಹದ ನಿಯಮಗಳೇ ಬರೆದಿವೆ. ಅವನ್ನು ಓದಬಲ್ಲ ತಾಳ್ಮೆ ನಮ್ಮಲ್ಲಿರಬೇಕು.